ಗೌರಿಯಕ್ಕನ ಕೊನೆಯ ಸಂಪಾದಕೀಯ, ನಮ್ಮ ಮೂರನೇ ಪುಟ

(ಹನುಮಂತನಗರದಲ್ಲಿ ಸೆಪ್ಟೆಂಬರ್ 5ರ ಸಂಜೆ ನಡೆದ ನೆನಪಿನ ಸಭೆಯಲ್ಲಿ ಆಡಿದ ಮಾತು. ಸಭೆಗೆ ಬರಲಾಗದ ಹಾಸ್ಟೆಲ್ ಗೆಳೆಯರಿಗಾಗಿ ಬರೆದು ಕೊಡುತ್ತಿದ್ದೇವೆ.)



ಮೊದಲೇ ಒಂದು ಮಾತು ಹೇಳಿಬಿಡ್ತೇವೆ. ಗೌರಿ ಲಂಕೇಶರನ್ನು ನಾವು ಹತ್ತಿರದಿಂದ ಕಂಡವರಲ್ಲ. 2017ರ ಸೆಪ್ಟೆಂಬರ್ 5ರ ರಾತ್ರಿ ಅವರನ್ನು ಕೊಂದಾಗ ನಮ್ಮಲ್ಲಿ ಬಹಳ ಜನ ಹೈಸ್ಕೂಲಿನಲ್ಲಿದ್ದೆವು. ಅವತ್ತು ಶಿಕ್ಷಕರ ದಿನ. ಬೆಳಿಗ್ಗೆ ಮೇಷ್ಟ್ರ ಕೈಗೆ ಎರಡು ರೂಪಾಯಿಯ ಗುಲಾಬಿ ಕೊಟ್ಟು ಬಂದವರು, ರಾತ್ರಿ ಹಾಸ್ಟೆಲ್ಲಿನ ಟಿವಿಯಲ್ಲಿ ಒಬ್ಬ ಹೆಂಗಸು ತನ್ನ ಮನೆ ಬಾಗಿಲಲ್ಲೇ ಬಿದ್ದದ್ದನ್ನು ನೋಡಿದೆವು. ಯಾರು, ಯಾಕೆ ಅಂತ ಗೊತ್ತಾಗಲಿಲ್ಲ. ವಾರ್ಡನ್ನು ಬಂದು ಟಿವಿ ಆರಿಸಿ, ಮಲಗ್ರೋ ಅಂದರು. ಮಲಗಿದೆವು.

ಹಾಗಿದ್ದೂ ಅವರನ್ನು ನಮ್ಮ ಸಹೋದ್ಯೋಗಿ ಅಂತ ಕರೆಯಲು ಇವತ್ತು ಧೈರ್ಯ ಮಾಡ್ತಿದ್ದೇವೆ. ಯಾಕಂದ್ರೆ ನಾವೂ ಒಂದು ಪತ್ರಿಕೆ ಮಾಡ್ತೀವಿ. ಎಂಟು ಪುಟ. ಕೈಗೆ ಮಸಿ ಅಂಟುತ್ತೆ. ಸಭೆಗಳಲ್ಲಿ ಕೂಗಿ ಮಾರ್ತೀವಿ, ಮಾರಿದ ದುಡ್ಡಲ್ಲಿ ಮುಂದಿನ ಸಂಚಿಕೆಯ ಕಾಗದ ತರ್ತೀವಿ, ಉಳಿದರೆ ಟೀ. ಯಾರ ಜಾಹೀರಾತೂ ಇಲ್ಲ. ಜಾಹೀರಾತು ಬೇಡ ಅಂತ ನಾವು ಬಿಟ್ಟದ್ದೇನೂ ಅಲ್ಲ, ಯಾರೂ ಕೊಡಲಿಲ್ಲ. ಗೌರಿ ಮತ್ತು ಅವರ ಅಪ್ಪ ಬೇಡ ಅಂತಲೇ ಬಿಟ್ಟವರು. ಅವರಿಗೂ ನಮಗೂ ಆ ವ್ಯತ್ಯಾಸ ಇದೆ.

ಈ ಹನುಮಂತನಗರದಿಂದ ಇಳಿದು ನಡೆದರೆ ಗಾಂಧಿ ಬಜಾರು ಸಿಗುತ್ತೆ. 1980ರ ಜುಲೈನಲ್ಲಿ ಲಂಕೇಶರು ಯೂನಿವರ್ಸಿಟಿ ಮೇಷ್ಟ್ರ ಕೆಲಸ ಬಿಟ್ಟವರು ಶುರು ಮಾಡಿದ ವಾರಪತ್ರಿಕೆ ಬೆಳೆದದ್ದು ಈ ಬಸವನಗುಡಿಯಲ್ಲೇ. ಓದುಗ ಕೊಡುವ ಚಿಲ್ಲರೆ ಕಾಸಿನ ಮೇಲೇ ನಡೆದ ಪತ್ರಿಕೆ ಅದು. ಆ ಕಾಸಿಗೆ ಎಷ್ಟು ಬಲ ಇತ್ತು ಅಂದ್ರೆ ಮುಖ್ಯಮಂತ್ರಿಗಳು ಸೋಮವಾರ ಬೆಳಿಗ್ಗೆ ಅದನ್ನು ನೋಡಿ ಬೆವರ್ತಿದ್ದರು ಅಂತ ನಮ್ಮ ಹಿರಿಯರು ಈಗಲೂ ನಗ್ತಾ ಹೇಳ್ತಾರೆ. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದದ್ದು ಅಲ್ಲಿ. ಹಾಸನದಿಂದ ಬಾನು ಮುಷ್ತಾಕ್ ವರದಿ ಬರೆದದ್ದು ಅಲ್ಲಿಗೆ. ಅದೇ ಬಾನು ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ತಾಲೂಕು ಊರಿನ ಒಬ್ಬ ಮುಸ್ಲಿಂ ಹೆಣ್ಣುಮಗಳು ವರದಿ ಬರೆದರೆ ಹಾಕುವ ಪತ್ರಿಕೆ ಆಗ ಎಷ್ಟಿದ್ದವು, ಲೆಕ್ಕ ಹಾಕಿ ನೋಡಿ.

2000ದ ಜನವರಿಯಲ್ಲಿ ಲಂಕೇಶ್ ತೀರಿಕೊಂಡರು. ಗೌರಿ ಆಗ ದೆಹಲಿಯಲ್ಲಿದ್ದರು. ಟೈಮ್ಸ್ ಆಫ್ ಇಂಡಿಯಾ, ಸಂಡೇ ವಾರಪತ್ರಿಕೆ, ಹೀಗೆ ಇಂಗ್ಲಿಷಿನಲ್ಲಿ ದುಡಿದ ಕೈ. ಅಪ್ಪನ ಪತ್ರಿಕೆ ಮುಚ್ಚಿಬಿಡೋಣ ಅಂತ ಅಕ್ಕ ತಮ್ಮ ಸಂಜೆವಾಣಿಯ ಮಣಿಯವರ ಹತ್ತಿರ ಹೋದರಂತೆ. ಅವರೇ ಮುಚ್ಚಬೇಡಿ ಅಂತ ಬುದ್ಧಿ ಹೇಳಿ ಕಳಿಸಿದ್ದು. ಆಗ ಗೌರಿಗೆ 38ರ ಹತ್ತಿರ ವಯಸ್ಸು. ಕನ್ನಡದಲ್ಲಿ ಬರೆದು ರೂಢಿಯೇ ಇರಲಿಲ್ಲ. ಆ ವಯಸ್ಸಿನಲ್ಲಿ ಕೂತು ಕನ್ನಡದಲ್ಲಿ ಬರೆಯೋದು ಕಲಿತರು.

ಇದನ್ನು ನಾವು ಸ್ವಲ್ಪ ನಿಂತು ನೋಡಬೇಕು ಗೆಳೆಯರೇ. ಹಾಸ್ಟೆಲ್ ಹುಡುಗರಾದ ನಮ್ಮದು ಉಲ್ಟಾ ದಾರಿ. ಕನ್ನಡ ಮೀಡಿಯಂನಿಂದ ಬಂದು ಡಿಗ್ರಿ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು, ಇಂಗ್ಲಿಷು ಬರೋದಿಲ್ಲ ಅಂತ ಬಾಯಿ ಮುಚ್ಕೊಂಡು, ಮೂರು ವರ್ಷ ಮುಗಿಸಿ ಹೋಗ್ತೀವಿ. ಆಕೆ ಇಂಗ್ಲಿಷಿನ ಕುರ್ಚಿ ಬಿಟ್ಟು ಇತ್ತ ಬಂದರು. ಮೊದಮೊದಲು ತಪ್ಪು ಬರೆದರು, ಜನ ನಕ್ಕರು, ಲಂಕೇಶರ ಗದ್ಯ ಎಲ್ಲಿ ಇವಳೆಲ್ಲಿ ಅಂದರು. ನಗುವವರ ಮುಂದೆ ವಾರ ವಾರ ಬರೆಯೋದು ಅಂದ್ರೆ ಏನು ಅಂತ ನಮಗೆ ಗೊತ್ತು. ನಾವು ಸೆಮಿನಾರಿನಲ್ಲಿ ಎದ್ದು ನಿಂತು ಒಂದು ವಾಕ್ಯ ಇಂಗ್ಲಿಷಿನಲ್ಲಿ ಹೇಳುವಾಗ ಕಾಲು ನಡುಗುತ್ತಲ್ಲ, ಅದನ್ನು ಆಕೆ ಸಂಪಾದಕಿಯ ಕುರ್ಚಿಯಲ್ಲಿ ಕೂತು ಅನುಭವಿಸಿದರು. 2005ರಲ್ಲಿ ಮನೆಯ ಜಗಳವಾಗಿ ಹೊರಬಂದು ತಮ್ಮ ಹೆಸರಿನಲ್ಲೇ ಪತ್ರಿಕೆ ಮಾಡಿದರು. ಆ ಜಗಳದ ವಿಚಾರ ನಮಗೆ ಬೇಡ.

ಅವರ ಗೆಳೆಯರೊಬ್ಬರ ಮಾತು ಹೇಳಬೇಕು. ಚಿದಾನಂದ ರಾಜಘಟ್ಟ, ಪತ್ರಕರ್ತರು. ಒಂದು ಕಾಲಕ್ಕೆ ಗೌರಿಯ ಗಂಡ, ಆಮೇಲೆ ಕೊನೆತನಕ ಗೆಳೆಯ. ಇಬ್ಬರೂ ಭೇಟಿಯಾದದ್ದು ಇಲ್ಲೇ ಕೆಳಗೆ, ಬಸವನಗುಡಿ ನ್ಯಾಷನಲ್ ಕಾಲೇಜಿನಲ್ಲಿ. ಎಚ್. ನರಸಿಂಹಯ್ಯನವರ ಕಾಲೇಜು. ಆ ಮೇಷ್ಟ್ರು ವೈಸ್ ಚಾನ್ಸಲರ್ ಆದರೂ ಬಾಳಿದ್ದು ಕಾಲೇಜು ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿ, ಪವಾಡ ಬಾಬಾಗಳನ್ನು ಕೆಣಕಿದ್ದು ಅದೇ ಕೋಣೆಯಿಂದ. (ಹಾಸ್ಟೆಲ್ ಅಂದ್ರೆ ಮೂಗು ಮುರಿಯುವವರಿಗೆ ಇದನ್ನು ಹೇಳಿ.) ವಿಚ್ಛೇದನದ ದಿನ ಕೋರ್ಟಿನಲ್ಲಿ ಗಂಡ ಹೆಂಡತಿ ಕೈ ಹಿಡ್ಕೊಂಡು ನಿಂತಿದ್ದರಂತೆ. ಬೇರೆಯಾಗೋರು ಕೈ ಬಿಡ್ರಪ್ಪ ಅಂತ ವಕೀಲರೇ ಹೇಳಬೇಕಾಯ್ತು. ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಊಟಕ್ಕೆ ಹೋದರು. ಆಕೆ ಸತ್ತ ಮೇಲೆ ಆತ ಇದನ್ನೆಲ್ಲ ಬರೆದರು, 2018ರಲ್ಲಿ ಪುಸ್ತಕವನ್ನೇ ಮಾಡಿದರು. ಜಗಳ ಆಡಿಯೂ ಸ್ನೇಹ ಉಳಿಸಿಕೊಳ್ಳುವ ಗುಣ ನಮ್ಮ ಚಳವಳಿಯಲ್ಲಿ ಎಷ್ಟಿದೆ? ಒಂದು ಬ್ಯಾನರಿನಲ್ಲಿ ಹೆಸರು ಮೇಲೆ ಕೆಳಗೆ ಆಯ್ತು ಅಂತ ಎರಡು ಸಮಿತಿ ಆಗೋ ಜನ ನಾವು. ಹೇಳಿದರೆ ಬೇಜಾರು ಮಾಡ್ಕೋಬೇಡಿ.

ಈಗ ಒಂದು ಕಷ್ಟದ ಪ್ರಶ್ನೆ. ಹೋದ ವಾರ ಈ ಸಭೆಯ ಭಿತ್ತಿಪತ್ರ ಅಂಟಿಸುವಾಗ ಒಬ್ಬ ತಮ್ಮ ಕೇಳಿದ: ‘ಅಣ್ಣಾ, ಅವರು ನಮ್ಮ ಕೇರಿಯವರಲ್ಲ. ನಮ್ಮ ಕೇರಿಯಿಂದ ಬಂದು ಪತ್ರಿಕೆಯಲ್ಲಿ ದುಡಿದು ಸತ್ತೋರಿಗೆ ಯಾಕೆ ಸಭೆ ಮಾಡಲ್ಲ?’

ಸರಿಯಾದ ಪ್ರಶ್ನೆ. ಹಾರಿಕೆ ಉತ್ತರ ಕೊಡಬಾರದು. 1996ರ ನವೆಂಬರಿನಲ್ಲಿ ಬಿ.ಎನ್. ಉನಿಯಾಲ್ ಎಂಬ ಪತ್ರಕರ್ತರು ದೆಹಲಿಯಲ್ಲಿ ಒಬ್ಬ ದಲಿತ ಪತ್ರಕರ್ತನನ್ನು ಹುಡುಕಲು ಹೊರಟರು. ಸರ್ಕಾರದ ಮಾನ್ಯತೆ ಪಡೆದ 686 ವರದಿಗಾರರ ಪಟ್ಟಿ ಹಿಡಿದು ಕೂತರು. ಹೆಸರಿನ ಕೊನೆಗೇ ಜಾತಿ ಇದ್ದವರು 454. ಉಳಿದವರಲ್ಲಿ 47 ಜನರನ್ನು ಆರಿಸಿ ಕೇಳಿದರು. ಒಬ್ಬನೂ ಸಿಗಲಿಲ್ಲ. 2019ರಲ್ಲಿ ಆಕ್ಸ್‌ಫ್ಯಾಮ್ ಮತ್ತು ನ್ಯೂಸ್‌ಲಾಂಡ್ರಿ ಸೇರಿ ಮತ್ತೆ ಲೆಕ್ಕ ಹಾಕಿದಾಗ, ಅವರು ನೋಡಿದ ಸುದ್ದಿಮನೆಗಳ 121 ಮೇಲಿನ ಹುದ್ದೆಗಳಲ್ಲಿ 106 ಮೇಲ್ಜಾತಿಯವರವು. ದಲಿತರದು, ಆದಿವಾಸಿಗಳದು ಒಂದೂ ಇಲ್ಲ. ಇಪ್ಪತ್ತಮೂರು ವರ್ಷ ಕಳೆದ ಮೇಲೂ ಹೀಗೆ. ಸತ್ತವರಿಗೆ ಸಭೆ ಮಾಡೋಣ ಅಂದ್ರೆ ಮೊದಲು ಒಳಗೆ ಬಿಟ್ಟಿರಬೇಕಲ್ಲ.

ಬಾಬಾಸಾಹೇಬರಿಗೇ ಬಿಡಲಿಲ್ಲ. 1920ರ ಜನವರಿ 31ಕ್ಕೆ ‘ಮೂಕನಾಯಕ’ ಹೊರಟಿತು. ಕೊಲ್ಲಾಪುರದ ಶಾಹು ಮಹಾರಾಜರು 2500 ರೂಪಾಯಿ ಕೊಟ್ಟಿದ್ದರು. ಪತ್ರಿಕೆ ಬರ್ತಿದೆ ಅಂತ ಕಾಸು ಕೊಟ್ಟು ಜಾಹೀರಾತು ಹಾಕಿಸ್ತೇವೆ ಅಂದರೂ ತಿಲಕರ ‘ಕೇಸರಿ’ ಒಪ್ಪಲಿಲ್ಲ. ಕಾಸು ತಗೊಂಡೂ ಹಾಕದಷ್ಟು ಮಡಿ! ಅಂಬೇಡ್ಕರರು ಆಗ ಸಿಡ್ನ್‌ಹ್ಯಾಂ ಕಾಲೇಜಿನಲ್ಲಿ ಪ್ರೊಫೆಸರು, ಹಾಗಾಗಿ ಸಂಪಾದಕ ಅಂತ ಹೆಸರು ಬಂದದ್ದು ಪಾಂಡುರಂಗ ನಂದರಾಮ ಭಟ್ಕರ್ ಅವರದು. ಈ ಭಟ್ಕರ್ ಅವರನ್ನು ನಮ್ಮಲ್ಲಿ ಯಾರು ನೆನೀತಾರೆ? ಎಪ್ಪತ್ತರ ದಶಕದಲ್ಲಿ ನಮ್ಮ ಕನ್ನಡದ ‘ಪಂಚಮ’ದ ಪ್ರತಿಗಳನ್ನು ಬಗಲಲ್ಲಿ ಹಿಡ್ಕೊಂಡು ಬಸ್ ಸ್ಟ್ಯಾಂಡ್ ಬಸ್ ಸ್ಟ್ಯಾಂಡ್ ಅಲೆದ ಹುಡುಗರ ಹೆಸರು ಎಲ್ಲಿದೆ? ಆ ತಮ್ಮನ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ. ಅವರ ಸಭೆಯನ್ನೂ ಮಾಡೋಣ. ನೀನು ಹಿರಿಯರ ಹತ್ತಿರ ಹೋಗಿ ಹೆಸರು ಬರ್ಕೊಂಡು ಬಾ. ಬರೆದುಕೊಂಡು ಬಂದರೆ ಇದೇ ಹಾಳೆಯಲ್ಲಿ ಹಾಕ್ತೀವಿ.

ಗೌರಿಯಕ್ಕನ ಸಭೆ ಯಾಕೆ ಅಂದರೆ, ಆಕೆ ಬೇರೆ ಕಡೆ ಹುಟ್ಟಿ ನಮ್ಮ ಕಡೆ ನಿಂತರು. 2016ರ ಜನವರಿಯಲ್ಲಿ ರೋಹಿತ್ ವೇಮುಲ ಹೋದ. ಅದೇ ಜುಲೈನಲ್ಲಿ ಊನಾದಲ್ಲಿ ಸತ್ತ ದನದ ಚರ್ಮ ಸುಲಿದವರನ್ನು ಕಟ್ಟಿಹಾಕಿ ಹೊಡೆದರು. ಅಕ್ಟೋಬರಿನಲ್ಲಿ ನಮ್ಮ ಹುಡುಗರು ಬೆಂಗಳೂರಿನಿಂದ ಉಡುಪಿಗೆ ಜಾಥಾ ಹೊರಟರು. ಆ ದಿನಗಳಲ್ಲೆಲ್ಲ ಆಕೆಯ ಪತ್ರಿಕೆ ನಮ್ಮ ಬೆಂಬಲಕ್ಕಿತ್ತು. ಊನಾ ಹೋರಾಟದ ಜಿಗ್ನೇಶ್ ಮೇವಾನಿಯನ್ನು, ಜೆಎನ್‌ಯುನ ಕನ್ಹಯ್ಯನನ್ನು ನನ್ನ ಮಕ್ಕಳು ಅಂತ ಹೇಳಿಕೊಳ್ತಿದ್ದರು.

ಹಾಗಂತ ಅವರನ್ನು ದೇವರ ಗೂಡಿಗೆ ಸೇರಿಸೋದು ಬೇಡ. ಆಕೆಗೇ ಅದು ಹಿಡಿಸುತ್ತಿರಲಿಲ್ಲ. 2008ರ ಒಂದು ವರದಿಗೆ 2016ರ ನವೆಂಬರಿನಲ್ಲಿ ಹುಬ್ಬಳ್ಳಿಯ ಕೋರ್ಟು ಮಾನನಷ್ಟ ಆಗಿದೆ ಅಂತ ಆರು ತಿಂಗಳ ಶಿಕ್ಷೆ ಕೊಟ್ಟಿತು. ಬೇಲು ಸಿಕ್ಕಿತು, ಮೇಲಿನ ಕೋರ್ಟಿಗೆ ಹೋಗ್ತೇನೆ ಅಂದರು. ಅದು ಮುಗಿಯುವ ಮೊದಲೇ ಕೊಂದುಬಿಟ್ಟರು. ಅಚ್ಚು ಹಾಕಿದ ಪ್ರತಿ ಸಾಲಿಗೂ ಸಾಕ್ಷಿ ಕೊಡಬೇಕು, ಅದನ್ನು ಯಾವಾಗ ಬೇಕಾದರೂ ಕೋರ್ಟು ಕೇಳಬಹುದು. ಈ ಭಾರ ಆಕೆ ವರ್ಷಗಟ್ಟಲೆ ಹೊತ್ತರು. ನಾವು ಎಂಟು ಪುಟದ ಜನ ಈ ಭಾರ ನಮಗಿಲ್ಲ ಅಂದ್ಕೊಂಡಿದ್ದೆವು.

ಈಗ ಇವತ್ತಿನ ಮುಖ್ಯ ಮಾತಿಗೆ ಬರ್ತೇವೆ. ಗೌರಿ ಸತ್ತದ್ದು 5ನೇ ತಾರೀಕು. ಕೈಯಲ್ಲಿದ್ದ ಸಂಚಿಕೆಯ ಮೇಲಿನ ದಿನಾಂಕ 2017ರ ಸೆಪ್ಟೆಂಬರ್ 13. ಅದರ ಸಂಪಾದಕೀಯ ಬರೆದಿಟ್ಟೇ ಹೋಗಿದ್ದರು. ವಿಷಯ ಸುಳ್ಳು ಸುದ್ದಿ. ಆ ವರ್ಷದ ಗಣೇಶನ ಹಬ್ಬಕ್ಕೆ ಒಂದು ಸುದ್ದಿ ಹಬ್ಬಿತ್ತು. ಗಣಪತಿ ಕೂರಿಸಬೇಕಾದರೆ ಸರ್ಕಾರಕ್ಕೆ 10 ಲಕ್ಷ ಠೇವಣಿ ಇಡಬೇಕು, ಸರ್ಕಾರ ಹೇಳಿದ ಕಡೆಯೇ ಕೂರಿಸಬೇಕು ಅಂತ. ಕೊನೆಗೆ ಪೊಲೀಸ್ ಮುಖ್ಯಸ್ಥರೇ ಪತ್ರಕರ್ತರನ್ನು ಕರೆದು ಅಂಥ ನಿಯಮವೇ ಇಲ್ಲ ಅನ್ನಬೇಕಾಯ್ತು. ಆ ಸುಳ್ಳು ಎಲ್ಲಿ ಹುಟ್ಟಿತು, ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅಂತ ಗೌರಿ ಎಳೆ ಹಿಡಿದು ಬರೆದರು. ಸುಳ್ಳನ್ನು ಬಯಲು ಮಾಡುವ ಕೆಲವರನ್ನು ಹೆಸರು ಹೇಳಿ ಹೊಗಳಿ, ಇಂಥವರು ಇನ್ನೂ ಹೆಚ್ಚಲಿ ಅಂತ ಬಯಸಿ ನಿಲ್ಲಿಸಿದರು.

ಸಾಯುವ ಹಿಂದಿನ ಗಂಟೆಗಳಲ್ಲಿ ಟ್ವಿಟರಿನಲ್ಲೂ ಅದೇ ಯೋಚನೆ. ನಮ್ಮವರೂ ಕೆಲವು ಸಲ ಸುಳ್ಳನ್ನು ಹಂಚಿಬಿಡ್ತೀವಿ, ಆಗ ಒಬ್ಬರನ್ನೊಬ್ಬರು ಎಚ್ಚರಿಸೋಣ, ಒಬ್ಬರನ್ನೊಬ್ಬರು ಬಯಲಿಗೆಳೆದು ಮಾನ ಕಳೆಯೋದು ಬೇಡ ಅಂತ ಸಂಗಾತಿಗಳಿಗೆ ಹೇಳಿದ್ದರು. ಆಮೇಲೆ ಬಸವನಗುಡಿಯ ಆಫೀಸಿನಿಂದ ಕಾರು ಹತ್ತಿ ರಾಜರಾಜೇಶ್ವರಿ ನಗರದ ಮನೆಗೆ ಹೋದರು. ಗೇಟು ತೆಗೆಯುವ ಹೊತ್ತಿಗೆ ಗುಂಡು ಹೊಡೆದರು. ಎಂಟು ಗಂಟೆ ಆಸುಪಾಸು. 55 ವಯಸ್ಸು.

ಈ ಸಂಪಾದಕೀಯವನ್ನು ನಾವು ಓದಿದ್ದೆವು. ಸ್ಟಡಿ ಸರ್ಕಲ್ಲಿನಲ್ಲಿ ಚರ್ಚೆ ಮಾಡಿದ್ದೆವು. ಓದಿಯೂ ಏನು ಮಾಡಿದೆವು ಕೇಳಿ.

ಕಳೆದ ವರ್ಷ ನಮ್ಮ ಹಾಳೆಯ ಮೂರನೇ ಪುಟದಲ್ಲಿ ಒಂದು ಹಾಸ್ಟೆಲ್ಲಿನ ಸುದ್ದಿ ಹಾಕಿದೆವು. ಬೇಳೆ ಎಣ್ಣೆ ಅಡುಗೆಮನೆಯಿಂದ ಹೊರಕ್ಕೆ ಹೋಗ್ತಿದೆ, ಮಕ್ಕಳ ತಟ್ಟೆಗೆ ನೀರು ಸಾರು ಬೀಳ್ತಿದೆ ಅಂತ. ಸಾರು ನೀರಾಗಿದ್ದು ನಿಜ. ಅಡುಗೆಯ ಅಮ್ಮ ಸಂಜೆ ಚೀಲ ಹಿಡ್ಕೊಂಡು ಹೋಗ್ತಾರೆ ಅಂತ ಒಬ್ಬ ಹುಡುಗ ಗ್ರೂಪಿನಲ್ಲಿ ಹಾಕಿದ್ದ. ಫೋಟೋನೂ ಇತ್ತು, ಹಿಂದಿನಿಂದ ತೆಗೆದದ್ದು. ನಾವು ಹೆಸರು ಹಾಕಲಿಲ್ಲ. ಹೆಸರು ಹಾಕಲಿಲ್ಲವಲ್ಲ ಅಂತ ನಮ್ಮನ್ನು ನಾವೇ ಮೆಚ್ಚಿಕೊಂಡೆವು. ‘ಅಡುಗೆಯಾಕೆ’ ಅಂತ ಬರೆದೆವು. ಆ ಹಾಸ್ಟೆಲ್ಲಿನಲ್ಲಿ ಅಡುಗೆಯಾಕೆ ಇದ್ದದ್ದು ಒಬ್ಬರೇ.

ಆ ಅಮ್ಮನ್ನ ಕೇಳಲಿಲ್ಲ. ಸ್ಟೋರಿನ ರಿಜಿಸ್ಟರು ನೋಡಲಿಲ್ಲ. ಬೇಳೆ ತಂದಿಳಿಸುವ ಲಾರಿಯವನನ್ನು ಕೇಳಲಿಲ್ಲ. ಸಂಚಿಕೆ ಮರುದಿನದ ಸಭೆಗೆ ಬೇಕಿತ್ತು. ಜಾಗ ಖಾಲಿ ಇತ್ತು. ನಮಗೆ ಸಿಟ್ಟೂ ಇತ್ತು. ಸಿಟ್ಟು ಇದ್ದರೆ ಸಾಕ್ಷಿ ಇದ್ದ ಹಾಗೇ ಅನ್ನಿಸ್ತಿತ್ತು.

ಹಾಳೆ ಹೊರಬಿದ್ದ ನಾಲ್ಕನೇ ದಿನ ಆ ಅಮ್ಮನಿಗೆ ಕೆಲಸಕ್ಕೆ ಬರಬೇಡ ಅಂದರು. ಹೊರಗುತ್ತಿಗೆ ಕೆಲಸ, ನೋಟಿಸೂ ಇಲ್ಲ ಏನೂ ಇಲ್ಲ. ಆಮೇಲೆ ಹುಡುಗರೇ ರಿಜಿಸ್ಟರು ತೆಗೆಸಿ ಮೂಟೆ ತೂಕ ಹಾಕಿಸಿದಾಗ ಗೊತ್ತಾಯ್ತು. ಬರುವ ಮೂಟೆಯೇ ಕಮ್ಮಿ ತೂಕದ್ದು. ಕಳವು ಆಗ್ತಿದ್ದದ್ದು ಬಾಗಿಲ ಆಚೆ, ಮೂಟೆ ಒಳಗೆ ಬರೋದಕ್ಕೆ ಮೊದಲು. ಆ ಚೀಲದಲ್ಲಿ ಏನಿತ್ತು ಗೊತ್ತಾ? ತರಕಾರಿ ಸಿಪ್ಪೆ. ಮನೆ ಪಕ್ಕದವರ ಮೇಕೆಗೆ.

ಆಕೆಯೂ ನಮ್ಮ ಜನವೇ. ನಮ್ಮ ಅವ್ವನ ವಯಸ್ಸು.

ನಾವು ಮೂರು ಜನ ಅವರ ಮನೆಗೆ ಹೋದೆವು. ಕ್ಷಮೆ ಕೇಳೋದಕ್ಕೆ ಒಬ್ಬ ಒಳ್ಳೊಳ್ಳೆ ಮಾತು ಬರ್ಕೊಂಡು ಬಂದಿದ್ದ. ಅವರು ಬೈಯಲಿಲ್ಲ. ಚಾಪೆ ಹಾಕಿ ಕೂರಿಸಿದರು. ಸ್ವಲ್ಪ ಹೊತ್ತಾದ ಮೇಲೆ ಅಂದರು:

‘ನಂಗೆ ಓದಕ್ಕೆ ಬರಾಕಿಲ್ಲ ಕಣ್ರಪ್ಪ. ನನ್ ಮಗ್ಳು ಓದಿ ಹೇಳಿದ್ಲು. ಅಮ್ಮ, ನೀನು ಕದ್ದೆ ಅಂತ ಬರ್ದವ್ರೆ ಅಂದ್ಲು. ಯಾರೋ ಬ್ಯಾರೇರು ಬರ್ದಿದ್ರೆ ಬುಡು ಅನ್ಬೋದಿತ್ತು. ಅಂಬೇಡ್ಕರ್ ಫೋಟೋ ಹಾಕಿರೋ ಪೇಪರ್ನಾಗೆ ಬಂದೈತಲ್ಲ, ಅದ್ರಾಗೆ ಸುಳ್ಳು ಬತ್ತದಾ ಅಂತ ನನ್ ಮಗ್ಳೇ ಕೇಳ್ತಾಳೆ. ನಾನೇನಂತ ಹೇಳ್ಲಿ?’

ಬರೆದುಕೊಂಡು ಬಂದ ಚೀಟಿ ಜೇಬಿನಿಂದ ಹೊರಗೆ ಬರಲಿಲ್ಲ. ಟೀ ಕೊಟ್ಟರು, ಕುಡಿದೆವು. ಕುಡೀದೆ ಎದ್ದು ಬರೋದು ಇನ್ನೊಂದು ಅವಮಾನ ಆಗ್ತಿತ್ತು.

ಆಮೇಲೆ ನಮ್ಮೊಳಗೆ ಜಗಳ ಶುರುವಾಯ್ತು, ಇದನ್ನೂ ಮುಚ್ಚಿಡೋದಿಲ್ಲ. ತಿದ್ದುಪಡಿ ಹಾಕಬೇಕು ಅಂತ ಕೆಲವರು. ತಪ್ಪೊಪ್ಪಿಕೊಂಡರೆ ವಿರೋಧಿಗಳಿಗೆ ಅಸ್ತ್ರ ಕೊಟ್ಟ ಹಾಗೆ, ಚಳವಳಿಗೆ ಮಸಿ ಅಂತ ಕೆಲವರು. ತಿಂಗಳುಗಟ್ಟಲೆ ಹೀಗೇ ಎಳೆದಾಡಿದೆವು. ಆ ಹುಡುಗ ಯಾರು, ಫೋಟೋ ಹಾಕಿದವನ ಹೆಸರು ಹೊರಗೆ ಹಾಕಿ ಅಂತ ಇನ್ನೊಂದು ಗುಂಪು. ಅಲ್ಲಿಗೆ ಗೌರಿಯಕ್ಕನ ಆ ಕೊನೆಯ ಮಾತು ನೆನಪಿಗೆ ಬಂತು. ಎಚ್ಚರಿಸಿ, ಬಯಲಿಗೆಳೆಯಬೇಡಿ. ಆ ಹುಡುಗನ ಹೆಸರು ಹೇಳೋದಿಲ್ಲ. ಆತ ಕಂಡದ್ದನ್ನು ಹಾಕಿದ, ವಯಸ್ಸು 17. ಅಚ್ಚು ಹಾಕಿದ್ದು ನಾವು.

ನಮ್ಮ ವಿರೋಧಿಗಳ ವಿಚಾರ ಬಂತಲ್ಲ, ಅದನ್ನೂ ಹೇಳ್ತೇವೆ. ಗೌರಿ ಕೊಲೆಯಲ್ಲಿ ಎಸ್‌ಐಟಿ 18 ಜನರ ಮೇಲೆ ಆರೋಪ ಹೊರಿಸಿತು. 2018ರ ನವೆಂಬರಿನ ಚಾರ್ಜ್‌ಶೀಟು ಒಂಬತ್ತು ಸಾವಿರ ಪುಟಕ್ಕೂ ಹೆಚ್ಚು. ವಿಚಾರಣೆ ಶುರುವಾದದ್ದು 2022ರ ಜುಲೈನಲ್ಲಿ. 2025ರ ಜನವರಿ ಹೊತ್ತಿಗೆ ಸಿಕ್ಕಿದ 17 ಆರೋಪಿಗಳಿಗೂ ಜಾಮೀನು ಆಗಿತ್ತು, ಒಬ್ಬ ಸಿಕ್ಕಿರಲೇ ಇಲ್ಲ. 2024ರ ಅಕ್ಟೋಬರಿನಲ್ಲಿ ಜಾಮೀನಿನ ಮೇಲೆ ಬಂದ ಇಬ್ಬರಿಗೆ ವಿಜಯಪುರದಲ್ಲಿ ಹಾರ ಹಾಕಿ, ಶಾಲು ಹೊದಿಸಿ ಸ್ವಾಗತ ಮಾಡಿದರು. ಆರೋಪ ಸಾಬೀತಾಗಿದೆ ಅಂತ ನಾವು ಹೇಳ್ತಿಲ್ಲ, ಅದನ್ನು ಕೋರ್ಟು ಹೇಳಬೇಕು. ಒಂದು ವರ್ಷದ ಹಿಂದೆ ಆಗಿದ್ದರೆ ನಾವು ‘ಕೊಲೆಗಡುಕರು’ ಅಂತಲೇ ಬರೆದುಬಿಡ್ತಿದ್ದೆವು. ಈಗ ‘ಆರೋಪಿಗಳು’ ಅಂತ ಬರೀತೀವಿ. ಕೈ ಉರಿಯುತ್ತೆ, ಆದರೂ ಬರೀತೀವಿ. ಆ ಅಮ್ಮನನ್ನು ಕಳ್ಳಿ ಅಂತ ಬರೆದ ಕೈ ಇದು. ಹಾರ ಹಾಕಿದವರ ಬಗ್ಗೆ ಮಾತ್ರ ನಮಗೆ ಯಾವ ಅನುಮಾನವೂ ಇಲ್ಲ, ಅದನ್ನು ಹಗಲು ಹೊತ್ತಿನಲ್ಲಿ ಎಲ್ಲರೂ ನೋಡಿದ್ದಾರೆ.

ಗೌರಿಯ ಜೊತೆಗಾರರು ಆಕೆ ಸತ್ತ ಮೇಲೆ ಏನು ಮಾಡಿದರು ಅನ್ನೋದು ನಮಗೆ ಹತ್ತಿರದ ವಿಚಾರ. 6ರಂದು ಚಾಮರಾಜಪೇಟೆಯಲ್ಲಿ ಮಣ್ಣು ಮಾಡಿದರು. ಅತ್ತು ಮುಗಿಸಲೂ ಸಮಯ ಇರಲಿಲ್ಲ. ಅದೇ ಆಫೀಸು, ಅದೇ ಮೇಜು, ಆಕೆಯ ಕುರ್ಚಿ ಖಾಲಿ. ಕೂತು ವಿಶೇಷ ಸಂಚಿಕೆ ಮಾಡಿದರು. 12ರಂದು ರೈಲ್ವೆ ಸ್ಟೇಷನ್ನಿನಿಂದ ಸೆಂಟ್ರಲ್ ಕಾಲೇಜು ಮೈದಾನಕ್ಕೆ ‘ನಾನು ಗೌರಿ’ ಅಂತ ಸಾವಿರಾರು ಜನ ನಡೆದು ಬಂದಾಗ ಆ ಸಂಚಿಕೆ ಜನರ ಕೈಗೆ ಬಂತು. ಆ ವಾರ ಪ್ರೂಫ್ ತಿದ್ದಿದವರ ಕಣ್ಣನ್ನು ನೆನೆಸಿಕೊಂಡರೆ ನಮಗೆ ಮಾತು ಬರೋದಿಲ್ಲ. ಗೆಳತಿ ಸತ್ತ ಸುದ್ದಿಯಲ್ಲಿ ಒತ್ತಕ್ಷರ ಸರಿ ಇದೆಯಾ, ತಾರೀಕು ಸರಿ ಇದೆಯಾ ಅಂತ ನೋಡಿದ್ದಾರಲ್ಲ ಅವರು.

ಇವತ್ತು ಬಾಗಿಲ ಹತ್ತಿರ ಮಾರ್ತಾ ಇರೋ ಸಂಚಿಕೆಯ ಎರಡನೇ ಪುಟ ತೆಗೆದು ನೋಡಿ. ಮೇಲ್ಗಡೆಯೇ ಇದೆ, ಸಣ್ಣ ಅಕ್ಷರದಲ್ಲಿ ಹಾಕಿಲ್ಲ. ಕಳೆದ ವರ್ಷದ ಸುದ್ದಿ ತಪ್ಪು, ಅಡುಗೆಯ ಅಮ್ಮ ಕದ್ದಿಲ್ಲ, ಕೇಳದೆ ಬರೆದದ್ದು ನಾವು, ಅಂತ. ಅವರನ್ನು ವಾಪಸ್ಸು ಕೆಲಸಕ್ಕೆ ತಗೊಳ್ಳಿ ಅಂತ ಸಂಬಂಧಪಟ್ಟವರಿಗೆ ಕೊಟ್ಟ ಅರ್ಜಿಯೂ ಅದರ ಕೆಳಗಿದೆ. ಅರ್ಜಿಗೆ ಹಾಸ್ಟೆಲ್ಲಿನ 61 ಹುಡುಗರ ಸಹಿ ಬಿದ್ದಿದೆ, ಇನ್ನೂ ಬೇಕು, ಹಾಳೆ ಮೇಜಿನ ಮೇಲಿದೆ. ಸದ್ಯ ಆ ಅಮ್ಮ ಎರಡು ಮನೆಯಲ್ಲಿ ಪಾತ್ರೆ ತೊಳೀತಿದ್ದಾರೆ.

ಭಾನುವಾರ ಬೆಳಿಗ್ಗೆ ನಾವು ಒಂದು ಪ್ರತಿ ತಗೊಂಡು ಅವರ ಮನೆಗೆ ಹೋಗ್ತಾ ಇದ್ದೇವೆ. ಓದಿ ಹೇಳೋದು ನಾವಲ್ಲ. ಮಗಳೇ ಓದಿ ಹೇಳ್ತಾಳೆ ಅಂತ ಅಮ್ಮ ಹೇಳಿ ಕಳಿಸಿದ್ದಾರೆ.